ದತ್ತಾನ ರಿಕ್ಷಾದ ನಡುವಿನ ಜಾಗ

ಸೀಟು ಖಾಲಿ ಇದ್ದರೂ ಶೇರ್ ರಿಕ್ಷಾದವನು ನಿಮ್ಮನ್ನು ಹತ್ತಿಸಿಕೊಳ್ಳದೆ ಹೋಗಿದ್ದುಂಟಾ? ನಮ್ಮ ದತ್ತಾ ದಿನಾ ಹಾಗೇ ಮಾಡುತ್ತಿದ್ದ. ಈಗ ನನ್ನ ಲೋಕಲ್ ರೈಲು ಠಾಕುರ್ಲಿ ಸ್ಟೇಷನ್ನಿನಲ್ಲಿ ನಿಂತಿದೆ, ಅವನ ರಿಕ್ಷಾ ಸ್ಟ್ಯಾಂಡ್ ಇದ್ದದ್ದು ಇಲ್ಲೇ, ಅದಕ್ಕೇ ನೆನಪಾಯಿತು.

ತೊಂಬತ್ತರ ದಶಕದಲ್ಲಿ ಬಿಜಾಪುರ ಬಿಟ್ಟು ಇಲ್ಲಿಗೆ ಬಂದ ನನಗೆ ಮೊದಲು ದೋಸ್ತನಾದವನು ಈ ಮರಾಠಿ ಡ್ರೈವರ್. ನಮ್ಮವರನ್ನು ಕೂರಿಸಿಕೊಂಡು ಓಡಾಡಿಯೇ ಕನ್ನಡ ಕಲಿತಿದ್ದ. ಉಳಿದವರು ಹಿಂದೆ ಮೂವರನ್ನು ತುರುಕಿದರೆ ಇವನು ಇಬ್ಬರನ್ನೇ ಕೂರಿಸುತ್ತಿದ್ದ. ನಡುವಿನದು ಹಳಿ ದಾಟುವಾಗ ಸತ್ತ ತಮ್ಮನ ಜಾಗವಂತೆ.

"ಏ ದತ್ತಾ, ತಮ್ಮ ಬಾಡಿಗೆ ಕೊಡ್ತಾನೇನಲೇ?" ಎಂದು ಸ್ಟ್ಯಾಂಡಿನವರು ಕಾಡಿಸುತ್ತಿದ್ದರು.

ಚಳಿಗಾಲದ ಒಂದು ಮುಂಜಾನೆ ನನ್ನ ಹೆಂಡತಿಗೆ ಹೆರಿಗೆ ನೋವು ಜೋರಾಯಿತು. ನಾನೂ ಅತ್ತೆಯೂ ಅವಳನ್ನು ಎರಡೂ ಕಡೆಯಿಂದ ಹಿಡಿದು ಕೂರಬೇಕಿತ್ತು. ದತ್ತಾ ನಮ್ಮನ್ನು ನೋಡಿದ. ಆಮೇಲೆ ಖಾಲಿ ಸೀಟಿನತ್ತ ಬಗ್ಗಿ ಮೆಲ್ಲಗೆ, "ಬಾಳಾ, ಇವತ್ತೊಂದಿನ ಇಳಿ. ವೈನಿ ಕೂಡ್ಲಿ," ಎಂದ. ಯಾರೋ ಇಳಿಯುವಷ್ಟು ಹೊತ್ತು ಕಾದ.

"ಹಾಂ, ಹತ್ತು ಅಣ್ಣಾ," ಎಂದು ನನ್ನತ್ತ ತಿರುಗಿದ.

ಆ ದಿನ ನಾವೇ ಅವನ ಮೊದಲ ಪ್ರಯಾಣಿಕರು. ಚಾದರ ಹಾಸಲು ಸೀಟಿನ ಮೇಲೆ ಕೈಯಿಟ್ಟೆ. ಎರಡೂ ಬದಿ ತಣ್ಣಗಿತ್ತು, ನಡುವೆ ಮಾತ್ರ ಬೆಚ್ಚಗಿತ್ತು.

"ಏನ್ ನೋಡ್ಕೋತ ನಿಂತ್ರಿ? ಹತ್ರಿ ಲಗೂ!" ಅತ್ತೆ ಗದರಿದರು.

ಪಕ್ಕದೂರು ಕಲ್ಯಾಣದ ಆಸ್ಪತ್ರೆಗೆ ಸಮಯಕ್ಕೆ ಸರಿಯಾಗಿ ಮುಟ್ಟಿದೆವು. ಚಹಾ ಕುಡಿದು ಹೋಗು ಎನ್ನುವಷ್ಟರಲ್ಲಿ ದತ್ತಾ ರಿಕ್ಷಾ ತಿರುಗಿಸಿದ್ದ.

"ಬ್ಯಾಡ ಅಣ್ಣಾ. ತಮ್ಮ ಅಲ್ಲೇ ರಸ್ತೆದಾಗ ನಿಂತಾನ. ಮತ್ತ ಹಳಿ ಕಡೆ ಹೋಗೂದ್ರೊಳಗ ಹತ್ತಿಸ್ಕೋಬೇಕು."

ಇಂಥ ಡ್ರೈವರ್ ನಿಮಗೂ ಸಿಕ್ಕಿದ್ದರೆ ಬರೆಯಿರಿ. ಯಾರೂ ನಂಬದಿದ್ದರೂ ಬರೆಯಿರಿ, ನಾನು ನಂಬುತ್ತೇನೆ.