ಕೋಟೆ ಗಂಡನದು, ಸೈಕಲ್ ಮಲ್ಲಮ್ಮನದು

ಮಲ್ಲಮ್ಮ ಶಿವಶರಣಪ್ಪ ಹಂಚಿನಾಳ, ವಯಸ್ಸು ಐವತ್ತೊಂಬತ್ತು. ವಿಜಾಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರಾಮಲಿಂಗಪ್ಪನವರ ಹಿರಿಯ ಮಗಳು. ಅಮೆರಿಕದ ರಾಲಿಯಲ್ಲಿ ಸೇತುವೆಗಳ ಇಂಜಿನಿಯರಾಗಿದ್ದ ಶಿವಶರಣಪ್ಪನವರ ಪತ್ನಿ. ಪಕ್ಕದೂರು ಏಪೆಕ್ಸಿನಲ್ಲಿರುವ ಪ್ರತಿಭಾಳ ತಾಯಿ. 1999ರ ಮಾರ್ಚಿನಲ್ಲಿ ತೀರಿಕೊಂಡರು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಬೇಕೆಂಬುದು ಊರಿನ ಕನ್ನಡ ಸಂಘದ ನಿಲುವು. ಮಲ್ಲಮ್ಮನವರು ಸ್ವತಃ ಅದನ್ನು ಒಪ್ಪಿರಲಿಲ್ಲ. ಹಾಗಾಗಿ ಇಲ್ಲಿ ನಡೆದದ್ದನ್ನೇ ಹೇಳಲಾಗಿದೆ.

ಅವರಿಗೆ ಹುಟ್ಟಿನಿಂದ ಸೈಕಲ್ ಹುಚ್ಚು. ವಿಜಾಪುರದ ಹಾದಿಯಲ್ಲಿ ಪಂದ್ಯ ನಡೆದಾಗಲೆಲ್ಲ ಆ ಹುಡುಗಿ ನೀರಿನ ಕೊಡ, ಬೆಲ್ಲದ ಹೆಂಟೆ ಹಿಡಿದು ರಸ್ತೆಯ ಬದಿಗೆ ನಿಲ್ಲುತ್ತಿದ್ದಳು. ಮೊದಲು ಬಂದವನನ್ನು ಊರೆಲ್ಲ ನೋಡಿಕೊಳ್ಳುತ್ತದೆ. ಕೊನೆಗೆ ಬಂದವನ ಬಾಯಿಗೆ ಬೆಲ್ಲ ಬೀಳಬೇಕು ಎಂಬುದು ಅವಳ ಕಟ್ಟಳೆ. ಮೈನೆರೆದ ಮೇಲೆ ಸೈಕಲ್ ಹತ್ತುವುದು ನಿಂತಿತು. ನೋಡುವುದು ಮಾತ್ರ ನಿಲ್ಲಲಿಲ್ಲ. ರಾಲಿಯಲ್ಲಿ ಜುಲೈ ಬಂದರೆ ಫ್ರಾನ್ಸಿನ ದೊಡ್ಡ ಪಂದ್ಯ ಟಿವಿಯಲ್ಲಿ ತುಣುಕು ತುಣುಕಾಗಿ ಬರುತ್ತಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗೂ ಚಹಾ ಸಿಗುತ್ತಿರಲಿಲ್ಲ.

ಶಿವಶರಣಪ್ಪನವರ ಹುಚ್ಚು ಬೇರೆ. ಅವರಿಗೆ ಯುರೋಪಿನ ಕೋಟೆಗಳು ಬೇಕು.

"ನಮ್ಮೂರಾಗ ಕೋಟಿ ಗ್ವಾಡಿ ಮ್ಯಾಲೆ ಆಡು ಮೇಯ್ತಿದ್ವು," ಎಂದರು ಮಲ್ಲಮ್ಮ. "ಅದನ್ನ ನೋಡಾಕ ಯಾರೂ ಇಮಾನ ಹತ್ತಿ ಬರಲಿಲ್ಲ."

"ನಿನಗ ಹಿಸ್ಟರಿ ತಿಳಿಯಂಗಿಲ್ಲ, ಮಲ್ಲಿ."

"ತಿಳಿಯೂದು ಬ್ಯಾಡ. ನಾ ಬರ್ತೀನಿ. ಆದ್ರ ಒಂದು ದಿನ ನಂದು. ಆ ದಿನ ಗುಡ್ಡದ ಮ್ಯಾಲೆ ಸೈಕಲ್ ನೋಡ್ಬೇಕು."

1996ರ ಜುಲೈನಲ್ಲಿ ಹೊರಟರು. ಜರ್ಮನಿಯಿಂದ ಫ್ರಾನ್ಸಿನವರೆಗೆ ಕಂಡ ಕಂಡ ಕೋಟೆಯ ಮುಂದೆಲ್ಲ ಬಾಡಿಗೆ ಕಾರು ನಿಂತಿತು. ಶಿವಶರಣಪ್ಪನವರು ಗೋಡೆಗೆ ಗೇಣು ಹಾಕಿ ದಪ್ಪ ಅಳೆದರು. ಕಮಾನಿನ ಕಲ್ಲು ತಟ್ಟಿ ನೋಡಿದರು. ಕೋಟೆ ಅಲುಗಾಡುವ ವಸ್ತುವಲ್ಲದಿದ್ದರೂ ಅದರ ವಿಡಿಯೋ ತೆಗೆದರು. ಮಲ್ಲಮ್ಮನವರು ಸೀರೆ ಉಟ್ಟು, ಸ್ನೀಕರ್ಸ್ ತೊಟ್ಟು ಹಿಂದೆ ಹಿಂದೆ ನಡೆದು, ಯಾವ ರಾಣಿ ಎಲ್ಲಿ ಸತ್ತಳೆಂಬುದನ್ನು ಕೇಳಿಯೂ ಕೇಳದಂತಿದ್ದರು.

ಕೊನೆಗೆ ಅವರ ದಿನ ಬಂತು. ಬೆಟ್ಟದ ಬುಡದ ಹಳೆಯ ಹೋಟೆಲು, ನಲ್ಲಿಯಲ್ಲಿ ಬಿಸಿನೀರಿಲ್ಲ. ಮಲ್ಲಮ್ಮನವರು ತಣ್ಣೀರು ಸುರಿದುಕೊಂಡು ಇಷ್ಟಲಿಂಗದ ಪೂಜೆ ಮುಗಿಸಿದರು. ಶಿವಶರಣಪ್ಪನವರು ಟವೆಲ್ ಹೊದ್ದು ಮಂಚದ ಮೇಲೆ ಕುಳಿತರು. ಬಿಸಿನೀರಿಲ್ಲದೆ ಸ್ನಾನವಿಲ್ಲ, ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಒಂದು ತುತ್ತೂ ಇಲ್ಲ.

"ರಸ್ತಾ ಬಂದ್ ಮಾಡ್ತಾರ್ರೀ!"

"ತಣ್ಣೀರಾಗ ಪೂಜಿಗೆ ಮನಸ್ಸು ನಿಲ್ಲಂಗಿಲ್ಲ."

"ಲಿಂಗಪ್ಪ ತಣ್ಣೀರು ಒಲ್ಲೆ ಅನ್ನಂಗಿಲ್ರೀ. ಒಲ್ಲೆ ಅನ್ನೂದು ನಿಮ್ಮ ಮೈ."

ಮದುವೆಯಾದಂದಿನಿಂದ ಗಂಡ ಉಣ್ಣದೆ ಉಂಡವರಲ್ಲ ಮಲ್ಲಮ್ಮ. ಅಂದು ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ಗಂಡನ ಕಣ್ಣೆದುರಿಗೇ ನಿಂತು ತಿಂದರು. ಆಮೇಲೆ ಕಾರಿನಲ್ಲಿ ಕುಳಿತು ಹಾರ್ನ್ ಒತ್ತಿದರು. ಕಿಟಕಿಗಳಲ್ಲಿ ಫ್ರೆಂಚರ ತಲೆಗಳು ಕಾಣಿಸಿಕೊಂಡು ಏನೇನೋ ಬೈದರೂ ಬಿಡದೆ ಒತ್ತಿದರು. ಶಿವಶರಣಪ್ಪನವರು ನಡುಗುತ್ತ ತಣ್ಣೀರಿನಲ್ಲೇ ಮಿಂದರು. ಪೂಜೆ ಮಾತ್ರ ಚುಟುಕಾಗಲಿಲ್ಲ.

ದಾರಿಯಲ್ಲಿ ಇನ್ನೊಂದು ಕೋಟೆ ಸಿಕ್ಕಿತು. ಅವರು ಬ್ರೇಕಿನ ಮೇಲೆ ಕಾಲಿಟ್ಟು ಹೆಂಡತಿಯ ಮುಖ ನೋಡಿದರು. ತಪ್ಪಿನ ಅರಿವಾಗಿ ಕಾಲು ತೆಗೆದರು. ಆದರೆ ಹೊತ್ತು ಮೀರಿತ್ತು. ಬೆಟ್ಟದ ತಿರುವಿನಲ್ಲಿ ಪೊಲೀಸರು ಕಾರುಗಳನ್ನು ತಡೆದಿದ್ದರು.

"ಕ್ಲೋಸ್ ಆಗೇತಿ," ಎಂದರು ಶಿವಶರಣಪ್ಪ. "ಏನ್ ಮಾಡೂಣು? ಹಿಂದ ಬಿಟ್ಟ ಆ ಕೋಟಿ..."

ಮಲ್ಲಮ್ಮನವರು ಬುತ್ತಿಯ ಚೀಲ ಹೆಗಲಿಗೇರಿಸಿದರು. "ಅದು ಐನೂರು ವರ್ಷದಿಂದ ಅಲ್ಲೇ ಬಿದ್ದೈತಿ; ನಾಳಿಗೂ ಇರ್ತೈತಿ. ಈ ಸೈಕಲ್ಲಿನವರು ಇರಂಗಿಲ್ಲ," ಎಂದು ನಡೆದೇಬಿಟ್ಟರು.

ಏರು ಕಡಿದಾಗಿತ್ತು. ರಸ್ತೆಯ ಬದಿಗೆ ಕುಳಿತವರು ಸೀರೆ ಉಟ್ಟವಳನ್ನು ಕಂಡು ಚಪ್ಪಾಳೆ ತಟ್ಟಿದರು. ಮಲ್ಲಮ್ಮನವರು ಅದನ್ನು ತಮಗೆ ಸಲ್ಲಬೇಕಾದ ಮರ್ಯಾದೆಯೆಂದೇ ಸ್ವೀಕರಿಸಿದರು. ಏದುಸಿರು ಬಿಡುತ್ತ ಶಿವಶರಣಪ್ಪನವರು ಕ್ಯಾಮೆರಾ ಹೊತ್ತು ಬಂದು ಸೇರುವಷ್ಟರಲ್ಲಿ ಕೆಳಗಿನಿಂದ ಗದ್ದಲ ಎದ್ದಿತು. ಮುಂದಿನವರು ಬಂದರು, ಹೋದರು. ಬಣ್ಣದ ಒಂದು ರಾಶಿ ಬಂತು, ಹೋಯಿತು. ಬಹಳ ಹೊತ್ತಿನ ಮೇಲೆ ಒಬ್ಬ ಬಡಕಲು ಹುಡುಗ, ಬಾಯಿ ತೆರೆದುಕೊಂಡು, ನಡೆಯುವವರಿಗಿಂತ ಸ್ವಲ್ಪವೇ ಬೇಗ ಹತ್ತುತ್ತಿದ್ದ.

"ಅಯ್ಯ ನನ ಮಗನ, ಉಂಡಿಲ್ಲೇನೋ!" ಎಂದು ಮಲ್ಲಮ್ಮನವರು ರಸ್ತೆಗೆ ಇಳಿದೇಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕಪಕ್ಕದಲ್ಲೇ ಓಡಿ, ಬೆಲ್ಲದ ಹೆಂಟೆಯನ್ನು ಅವನ ಬಾಯಿಗೇ ಹಿಡಿದರು. ಹುಡುಗ ಬೆಚ್ಚಿ ನೋಡಿದ, ಕಚ್ಚಿದ, ಅಗಿಯುತ್ತಲೇ ಹತ್ತಿ ಹೋದ. ಪೊಲೀಸ್ ಒಬ್ಬ ತೋಳು ಹಿಡಿದು ಅವರನ್ನು ಬದಿಗೆ ಎಳೆದು, ಉದ್ದಕ್ಕೆ ಗದರಿದ. ಅವನ ಕೈಗೂ ಒಂದು ತುಂಡು ಬೆಲ್ಲ ಬಿತ್ತು.

"ತೆಗೆದ್ರಿಲ್ಲೋ?" ಎಂದು ಗಂಡನನ್ನು ಕೇಳಿದರು.

"ಬ್ಯಾಟ್ರಿ ಖಾಲಿ," ಎಂದರು ಶಿವಶರಣಪ್ಪ, ನೆಲ ನೋಡುತ್ತ. "ನಿನ್ನಿ ಕೋಟಿ ದೊಡ್ಡದಿತ್ತು."

ಆ ವರ್ಷದ ದೀಪಾವಳಿಗೆ ಸಂಘದಲ್ಲಿ ವಿಡಿಯೋ ಹಾಕಿದರು. ಅರ್ಧ ಗಂಟೆ ಕಳೆದ ಮೇಲೆ ಮೈಸೂರಿನ ಶೇಷಾದ್ರಿ ಆಕಳಿಸುತ್ತ, "ಮಲ್ಲಮ್ಮನೋರೇ, ರೇಸ್ ಎಲ್ರೀ? ಬರೀ ಗೋಡೆನೇ ಬರ್ತಾ ಇದೆಯಲ್ಲಾ!" ಎಂದರು.

"ಅದು ನನ್ನ ಕಡೆ ಐತ್ರಿ. ಟಿವಿ ಬಂದ್ ಮಾಡ್ರಿ, ಹೇಳ್ತೀನಿ."

ಹೇಳಿದರು. ಪಂದ್ಯಕ್ಕಿಂತ ಹೇಳಿದ್ದೇ ಉದ್ದವಾಯಿತು, ಯಾರೂ ಏಳಲಿಲ್ಲ. ಮರುವಾರ ಅವರು ಸೈಕಲ್ ಕೊಂಡರು. ಪ್ರತಿಭಾ, "ಅವ್ವಾ, ಈ ಏಜಲ್ಲಿ ಬಿದ್ರೆ?" ಎಂದಳು. "ಬಿದ್ರ ಏಳ್ತೀನಿ," ಎಂದರು. ಬಿದ್ದರು, ಎದ್ದರು, ಕಚ್ಚೆ ಹಾಕಿ ಓಣಿಯಲ್ಲೆಲ್ಲ ಓಡಿಸಿದರು.

ಮಲ್ಲಮ್ಮನವರು ಬಿಟ್ಟುಹೋದದ್ದು ಇಷ್ಟು: ಚಹಾ ಮಾಡಲು ಈಗ ಕಲಿಯುತ್ತಿರುವ ಗಂಡ. ಮಗಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿ, ವಿಜಾಪುರದ ಭಾಷೆಯಲ್ಲಿ ಬೈಯುವ ಮೊಮ್ಮಗಳು ನಿಧಿ. ಫ್ರೀಜರಿನ ತುಂಬ ಜೋಳದ ಹಿಟ್ಟು. ಹಿಮ್ಮಡಿ ಸವೆದ ಸ್ನೀಕರ್ಸ್. ಸಂಘದಲ್ಲಿ ಒಂದು ಖಾಲಿ ಕುರ್ಚಿ. ಅದರಲ್ಲಿ ಕೂರಲು ಶೇಷಾದ್ರಿ ಇನ್ನೂ ಹೆದರುತ್ತಾರೆ. ಗರಾಜಿನಲ್ಲಿ ಒಂದು ಸೈಕಲ್: ಚೈನಿಗೆ ಎಣ್ಣೆ ಹಾಕಿದೆ, ಎರಡೂ ಗಾಲಿಗೆ ಗಾಳಿ ತುಂಬಿದೆ.