ಹೆಚ್ಚಿಟ್ಟ ಕಲ್ಲಂಗಡಿ

ಸುಳ್ಯದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ರೋಗಿಗಳ ಮೂತ್ರ, ಕಫ, ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ನೋಡುವುದು. ಸಂಜೆ ಮಂಡೆಕೋಲಿನ ಬಸ್ಸಿಗೆ ಕಾಯುವಾಗ ಹತ್ತಿರದ ಹಣ್ಣಿನಂಗಡಿಯಿಂದ ಒಂದು ಡಬ್ಬಿ ಕಲ್ಲಂಗಡಿ ಕೊಳ್ಳುವುದು ರೂಢಿಯಾಗಿತ್ತು. ಅಂಗಡಿಯವರು ಗಲ್ಫಿನಲ್ಲಿ ದುಡಿದು ವಾಪಸು ಬಂದ ಬ್ಯಾರಿ ಮುಸ್ಲಿಮರು. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಬೆಳಿಗ್ಗೆಯೇ ಹಣ್ಣು ಹೆಚ್ಚಿ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು. ನೋಡಲು ಬಹಳ ಚೊಕ್ಕ.

ಒಂದು ಬೇಸಿಗೆಯಲ್ಲಿ, ನಮ್ಮಲ್ಲಿ ಓದುತ್ತಿದ್ದ ಯುವ ಡಾಕ್ಟರೊಬ್ಬಳು ಹೀಗೆ ಹೆಚ್ಚಿಟ್ಟು ಮಾರುವ ಹಣ್ಣುಗಳ ಬಗ್ಗೆ ಅಧ್ಯಯನ ಶುರುಮಾಡಿದಳು. ಪೇಟೆಯ ಬೇರೆ ಬೇರೆ ಅಂಗಡಿಗಳಿಂದ ಡಬ್ಬಿಗಳು ಬಂದವು. ಕಾಕನ ಅಂಗಡಿಯದನ್ನು ನಾನೇ ತಂದುಕೊಟ್ಟೆ.

ಲ್ಯಾಬಿನ ತಟ್ಟೆಯಲ್ಲಿ ಅದರಿಂದ ಬೆಳೆದದ್ದು ಕರುಳಿನ ಬ್ಯಾಕ್ಟೀರಿಯಾ. ಎಲ್ಲೋ ಹೊಲಸು ತಾಗಿದೆ ಎಂದರ್ಥ. ಅಷ್ಟಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಆಮೇಲೆ ಆ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಯಲ್ಲಿ ಹರಡಿ, ಮೇಲೆ ಆಂಟಿಬಯೋಟಿಕ್ ಇರುವ ಸಣ್ಣ ಕಾಗದದ ಬಿಲ್ಲೆಗಳನ್ನಿಟ್ಟೆವು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ವೃತ್ತ ಖಾಲಿ ಉಳಿಯುತ್ತದೆ. ಈ ತಟ್ಟೆಯಲ್ಲಿ ಹೆಚ್ಚಿನ ಬಿಲ್ಲೆಗಳಿಗೆ ವೃತ್ತವೇ ಇರಲಿಲ್ಲ. ಐಸಿಯು ರೋಗಿಗಳಲ್ಲಿ ಇಂಥದ್ದನ್ನು ನೋಡಿದ್ದೆ, ಹಣ್ಣಿನಲ್ಲಿ ನೋಡಿರಲಿಲ್ಲ.

ಅಧ್ಯಯನದಲ್ಲಿ ಅಂಗಡಿಗಳ ಹೆಸರು ಬರುವುದಿಲ್ಲ. ಹೇಳಬೇಕೆಂಬ ನಿಯಮವೂ ಇರಲಿಲ್ಲ. ಆದರೂ ಗಿರಾಕಿಗಳಿಲ್ಲದ ಹೊತ್ತು ನೋಡಿ, ಅವರ ಹಣ್ಣಿನಲ್ಲಿ ಮದ್ದು ತಾಗದ ರೋಗಾಣು ಸಿಕ್ಕಿದೆ ಎಂದು ಕಾಕನಿಗೆ ಹೇಳಿದೆ.

“ನಾನು ಹಣ್ಣಿಗೆ ಮದ್ದೇ ಹಾಕುದಿಲ್ಲ ಮೇಡಂ. ಮತ್ತೆ ಮದ್ದು ತಾಗುದಿಲ್ಲ ಅಂದ್ರೆ ಎಂತದು ಮಾರಾಯ್ರೆ?”

“ಹಣ್ಣಿಗಲ್ಲ ಕಾಕ, ಅದರಲ್ಲಿರುವ ರೋಗಾಣುವಿಗೆ. ನೀರಿನಿಂದ ಬಂದಿರ್ಬಹುದು, ಕೈಯಿಂದ ಬಂದಿರ್ಬಹುದು. ತಿಂದವರಿಗೆ ಕೂಡ್ಲೇ ಎಂತ ಆಗ್ಲಿಕ್ಕಿಲ್ಲ. ಹೊಟ್ಟೆಯಲ್ಲಿ ಉಳಿದು ಮುಂದೆ ಕಾಯಿಲೆ ತಂದ್ರೆ ಮಾಮೂಲಿ ಮಾತ್ರೆಗೆ ಬಗ್ಗುದಿಲ್ಲ.”

ಅವರಿಗೆ ಸಿಟ್ಟು ಬರಲಿಲ್ಲ, ನಂಬಿಕೆಯೂ ಬರಲಿಲ್ಲ. “ಮಗಳು ಹೆರಿಗೆಗೆ ಬಂದಿದ್ದಾಳೆ. ಉಳಿದ ಡಬ್ಬಿ ದಿನಾ ಅವಳಿಗೇ ಕೊಂಡುಹೋಗುದು. ಅವಳಿಗೆ ಎಂತ ಆಗ್ಲಿಲ್ಲ.”

“ಇನ್ನು ಅವಳಿಗೆ ಕೊಡ್ಬೇಡಿ.”

ಅವರು ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟರು. ಅಂಗಡಿಯ ಹಿಂದಿದ್ದ ಡ್ರಮ್ಮಿನ ನೀರನ್ನು ಪರೀಕ್ಷೆಗೆ ಕೊಡಲು ತಾವಾಗಿಯೇ ಒಪ್ಪಿದರು. ಹಣ್ಣು, ಚಾಕು, ಕೈ ಎಲ್ಲ ತೊಳೆಯುತ್ತಿದ್ದುದು ಅದರಲ್ಲೇ. ಅದರಲ್ಲೂ ಅಂಥದೇ ಬ್ಯಾಕ್ಟೀರಿಯಾ ಸಿಕ್ಕಿತು. ಕಾಕ ಡ್ರಮ್ಮನ್ನು ಎಸೆದರು.

ಕೆಲವು ವಾರಗಳ ನಂತರ ಅವರು ಮಗಳನ್ನು ಕರೆದುಕೊಂಡು ಆಸ್ಪತ್ರೆಗೇ ಬಂದರು. ಅವಳಿಗೆ ಜ್ವರ, ಉರಿಮೂತ್ರ. ಮೊದಲು ತೋರಿಸಿದ ಡಾಕ್ಟರರ ಮಾತ್ರೆಯಿಂದ ಗುಣವಾಗಿರಲಿಲ್ಲ. ಅವಳ ಮೂತ್ರದ ತಟ್ಟೆ ನನ್ನ ಮೇಜಿಗೇ ಬಂತು. ಮಾತ್ರೆಯಾಗಿ ಸಿಗುವ ಔಷಧಗಳ ಬಿಲ್ಲೆಗಳ ಸುತ್ತ ವೃತ್ತವಿರಲಿಲ್ಲ. ಇಂಜೆಕ್ಷನ್ ಕೊಡಬೇಕಾಗಿ ಅವಳನ್ನು ಅಡ್ಮಿಟ್ ಮಾಡಿಕೊಂಡರು.

ವಾರ್ಡಿನ ಹೊರಗೆ ಕಾಕ ನನ್ನನ್ನು ತಡೆದು ನಿಲ್ಲಿಸಿದರು. “ನನ್ನ ಡಬ್ಬಿಯಿಂದ ಬಂದದ್ದಾ ಇದು?”

“ಹೇಳ್ಲಿಕ್ಕೆ ಆಗುದಿಲ್ಲ ಕಾಕ. ಕುಡಿಯುವ ನೀರಿನಿಂದ, ಕೋಳಿ ಮಾಂಸದಿಂದ, ಎಲ್ಲಿಂದಲೂ ಬಂದಿರ್ಬಹುದು.”

“ಅಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?”

“ಇಲ್ಲ” ಎಂದೆ. ಬೇರೆ ಏನಾದರೂ ಹೇಳಬಹುದಿತ್ತು, ಆದರೆ ಅದು ನಿಜವಾಗುತ್ತಿರಲಿಲ್ಲ.

ಜ್ವರ ಬಿಟ್ಟಿತು. ದಿನ ತುಂಬಿ ಹೆಣ್ಣುಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದರು. ಕಾಕ ಗಾಜಿನ ಪೆಟ್ಟಿಗೆ ತೆಗೆದು, ಇಡೀ ಹಣ್ಣು ಮಾತ್ರ ಮಾರತೊಡಗಿದರು. ಬಸ್ಸಿನ ಅವಸರದಲ್ಲಿದ್ದವರು ಪಕ್ಕದ ಅಂಗಡಿಗೆ ಹೋಗಿ ಡಬ್ಬಿ ಕೊಂಡರು. ಡಾಕ್ಟರ್ ಹುಡುಗಿ ಅಧ್ಯಯನ ಮುಗಿಸಿ ಊರಿಗೆ ಹೋದಳು.

ಮಳೆ ಹಿಡಿಯುವ ಮೊದಲು ಕಾಕ ಲ್ಯಾಬಿಗೆ ಬಂದು ಒಂದು ಬಾಟಲಿ ನೀರು ಕೊಟ್ಟರು. “ಮನೆ ಬಾವಿಯದ್ದು. ಸಣ್ಣ ಮಗು ಉಂಟಲ್ಲ, ಒಮ್ಮೆ ನೋಡಿ.”

ನೀರು ಶುದ್ಧವಾಗಿತ್ತು. ಕೇಳಿ ಅವರಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ. ಅವರು ವರದಿಯ ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

“ಹಾಗಾದ್ರೆ ಮಗಳಿಗೆ ಬಂದದ್ದು ಬಾವಿಯಿಂದ ಅಲ್ಲ” ಎಂದರು.