ಮಹಡಿ ಅಣ್ಣ ಉಂಡ ಎರಡು ಮುದ್ದೆ

ಅವನ ಬಲಗಾಲಿನ ಎರಡು ಬೆರಳುಗಳಿಗೆ ಉಗುರೇ ಇರಲಿಲ್ಲ. ಉಳಿದವು ಬೂಟಿನೊಳಗೆ ಸಿಕ್ಕಿ ನಲುಗಿ ಕಪ್ಪುಗಟ್ಟಿದ್ದವು. ಕೋಲಾರದ ನಮ್ಮ ಮನೆಯ ಹೊಸ್ತಿಲಲ್ಲಿ ಅವನು ಬೂಟು ಬಿಚ್ಚಿದಾಗ ಅಮ್ಮ ಅವನ ಎತ್ತರವನ್ನಾಗಲಿ ಬಣ್ಣವನ್ನಾಗಲಿ ನೋಡಲಿಲ್ಲ. ಆ ಕಾಲುಗಳನ್ನು ನೋಡಿ ಒಳಗೆ ಹೋದವಳು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ತಂದಿಟ್ಟಳು. ಬಾಡಿಗೆಯ ಮಾತೆಲ್ಲ ಆಮೇಲೆ.

ಅವನನ್ನು ಕರೆತಂದವರು ನಮ್ಮ ಬೀದಿಯ ಮೆಕ್ಯಾನಿಕ್ ಭಾಯಿ. ಬೈಕ್ ರಿಪೇರಿಯಲ್ಲಿ ದುಡಿದದ್ದನ್ನೆಲ್ಲ ಫುಟ್‌ಬಾಲ್ ತಂಡಕ್ಕೆ ಸುರಿಯುತ್ತಿದ್ದ ಮನುಷ್ಯ. ಆ ತಂಡದ ಬಲಗಡೆಯ ಡಿಫೆಂಡರ್ ನಾನು. ನನ್ನನ್ನು ದಾಟಿಹೋಗದ ಚೆಂಡು ಕಡಿಮೆ. ಭಾಯಿ ಅದಕ್ಕೂ ಮೊದಲು ಎರಡು ಮನೆ ಕೇಳಿದ್ದರಂತೆ. ಆಫ್ರಿಕಾದವನೆಂದು ಗೊತ್ತಾದ ಕೂಡಲೇ ಎರಡೂ ಕಡೆ ಮನೆ ಖಾಲಿಯಿಲ್ಲವಾಯಿತು. ನಮ್ಮ ಮಹಡಿಯ ಮೇಲಿನ ಕೋಣೆ ಅವನಿಗೆ ಸಿಕ್ಕಿತು. ಬೀದಿಗೆಲ್ಲ ಅವನು ಮಹಡಿ ಅಣ್ಣನಾದ.

ಘಾನಾದ ಯಾವುದೋ ಚಿಕ್ಕ ಊರಿನಿಂದ ಮೀಸೆ ಮೂಡುವ ವಯಸ್ಸಿಗೇ ಹೊರಟವನು. ಮೊದಲು ಢಾಕಾ, ಆಮೇಲೆ ಕೋಲ್ಕತ್ತ, ಗೋವಾ, ಬೆಂಗಳೂರು. ಪ್ರತಿ ಊರಿನಲ್ಲೂ ಒಪ್ಪಂದ ಸಣ್ಣದಾಗುತ್ತ, ಮೊಣಕಾಲು ದಪ್ಪವಾಗುತ್ತ ಬಂದಿತ್ತು. ಬೆಂಗಳೂರಿನ ಕ್ಲಬ್ಬು ಕೈಬಿಟ್ಟ ಮೇಲೆ ಭಾಯಿಯ ಕಣ್ಣಿಗೆ ಬಿದ್ದಿದ್ದ. ಕೋಲಾರಕ್ಕೆ ಬಂದು ಬಿದ್ದೆನೆಂದು ಅವನು ಒಂದು ದಿನವೂ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಆಗಿನ್ನೂ ನೀರು ಕಾಣದಿದ್ದ ಕೆರೆಯಂಗಳದಲ್ಲಿ, ಜಾಲಿ ಮುಳ್ಳು ಆರಿಸಿ ಬದಿಗೆ ಹಾಕಿ, ದೊಡ್ಡ ಸ್ಟೇಡಿಯಮ್ಮಿನಲ್ಲಿ ಆಡುವವನಂತೆಯೇ ಆಡುತ್ತಿದ್ದ. ನಾವು ಸೋತು ಜಗಳಕ್ಕೆ ನಿಂತರೆ ಅವನದು ಒಂದೇ ಮಾತು: "ಮೊದ್ಲು ಬೂಟ್ ತೊಳಿ. ಆಮೇಲೆ ಬೇಜಾರ್ ಮಾಡ್ಕೊ."

ಈ ಕನ್ನಡವನ್ನು ಅವನು ನಮ್ಮಿಂದ ಕಲಿತದ್ದು. ಅಮ್ಮನಿಂದ ಕಲಿತದ್ದು ತೆಲುಗು. ಕನ್ನಡ ಬಾರದವರಿಗೆಲ್ಲ ತೆಲುಗು ಬರಲೇಬೇಕು ಎಂಬುದು ನಮ್ಮ ಸೀಮೆಯವರ ಗಟ್ಟಿ ನಂಬಿಕೆ. ಘಾನಾ ಎಂದರೆ ಅಮ್ಮನ ಲೆಕ್ಕದಲ್ಲಿ ಮದನಪಲ್ಲಿಯಿಂದ ಸ್ವಲ್ಪ ಆಚೆ. ಉಂಡೆಯಾ ಎಂದು ಕೇಳಲು ಬೆಳಿಗ್ಗೆ ಸಂಜೆ ಮೆಟ್ಟಿಲ ಕೆಳಗೆ ನಿಂತು "ಏಮಪ್ಪಾ, ತಿಂಟಿವಾ?" ಎನ್ನುತ್ತಿದ್ದಳು. ತಿಂಗಳೊಳಗೆ ಮೇಲಿನಿಂದ "ತಿಂಟಿನಮ್ಮಾ" ಎಂಬ ಉತ್ತರ ಬರತೊಡಗಿತು. ಅಮ್ಮ ನನ್ನತ್ತ ತಿರುಗಿ, "ನೋಡ್ದಾ, ಅವ್ನಿಗೆ ಮುಂಚೆಯಿಂದ್ಲೂ ಬರ್ತಿತ್ತು. ನಾಚ್ಕೆ ಅಷ್ಟೇ" ಎಂದಳು.

ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪ ಹೋದ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಮೆಸ್ ನಡೆಸಿ ನನ್ನನ್ನು ಸಾಕಿದವಳು ಅವಳು. ತನ್ನ ಅಡುಗೆಯ ಬಗ್ಗೆ ಅವಳಿಗಿದ್ದ ಹೆಮ್ಮೆ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಒಮ್ಮೆ ಮೆಸ್ಸಿನಲ್ಲಿ ಉಂಡ ವಿದ್ಯಾರ್ಥಿಯೊಬ್ಬ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದ. ಅವನು ಹೊರಗೆಲ್ಲೋ ತಿಂದದ್ದರಿಂದ ಹಾಗಾಯಿತೆಂದು ತಿಳಿಯುವವರೆಗೂ ಅಮ್ಮ ಒಲೆ ಹಚ್ಚಲಿಲ್ಲ, ತಾನೂ ಉಣ್ಣಲಿಲ್ಲ. ತನ್ನ ಕೈಯಲ್ಲೇ ಕೇಡಿದೆಯೇನೋ ಎಂದು ಮೂಲೆ ಹಿಡಿದು ಕೂತಿದ್ದಳು.

ಎರಡನೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕ್ಲಬ್ಬಿನಿಂದ ಅಣ್ಣನಿಗೆ ಟ್ರಯಲ್‌ಗೆ ಬರಲು ಕರೆ ಬಂತು. ಆಯ್ಕೆಯಾದರೆ ಇನ್ನೊಂದು ಸೀಸನ್, ವೀಸಾ ಕೂಡ ಮುಂದುವರಿಯುತ್ತದೆ. ಇಲ್ಲವಾದರೆ ಊರಿನ ದಾರಿ, ಆಟ ಅಲ್ಲಿಗೆ ಮುಗಿದಂತೆ. ಅವನ ವಯಸ್ಸಿಗೆ ಮತ್ತೊಂದು ಕರೆ ಬರುವಂತಿರಲಿಲ್ಲ. ಜೊತೆಗೆ ನಾನು ಹೋಗುವುದೆಂದಾಯಿತು.

ಆಟವಿದ್ದ ದಿನ ಅವನು ಬಾಳೆಹಣ್ಣು, ಕಪ್ಪು ಚಹಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇದು ಅಮ್ಮನಿಗೆ ಗೊತ್ತಾದದ್ದು ಹಿಂದಿನ ದಿನ. "ಅಷ್ಟ್ ದೊಡ್ ಕೆಲ್ಸಕ್ಕೆ ಹೋಗೋನು ಕೋತಿ ಥರ ಬಾಳೆಹಣ್ ತಿನ್ಕಂಡ್ ಹೋಗ್ತಾನಾ?" ಎಂದವಳು, ಬೆಳಕು ಹರಿಯುವ ಮೊದಲೇ ಎದ್ದು ನಾಟಿ ಕೋಳಿ ಸಾರು ಮಾಡಿ ಮುದ್ದೆ ತಿರುವಿ ದಾರಿಗೆ ಅಡ್ಡ ನಿಂತಳು. ಅಣ್ಣ ತಟ್ಟೆ ನೋಡಿದ, ನನ್ನನ್ನು ನೋಡಿದ. ಆಮೇಲೆ ನೋಯುವ ಕಾಲನ್ನು ನೀಡಿಕೊಂಡು ನೆಲದ ಮೇಲೆ ಕೂತ. ಒಂದು ಮುದ್ದೆಯಾಗಿದ್ದರೆ ಹೇಗೋ ಸಂಭಾಳಿಸುತ್ತಿದ್ದ. ಅವನು ನೀರಿನ ಲೋಟಕ್ಕೆ ಕೈ ಚಾಚಿದಾಗ ಅಮ್ಮ ಎರಡನೆಯದನ್ನು ತಟ್ಟೆಗೆ ಇಳಿಸಿಬಿಟ್ಟಳು. ನಮ್ಮಲ್ಲಿ ತಟ್ಟೆಯಲ್ಲಿ ಮುದ್ದೆ ಬಿಟ್ಟು ಏಳುವುದೆಂದರೆ ಬಡಿಸಿದವರ ಮುಖಕ್ಕೆ ಹೊಡೆದ ಹಾಗೆ. ಅವನಿಗೆ ಅದು ತಿಳಿದಿತ್ತು. ಅದನ್ನೂ ನುಂಗಿದ.

ಮೈದಾನದಲ್ಲಿ ಮೊದಲ ಹತ್ತು ನಿಮಿಷ ಅವನು ಚೆನ್ನಾಗಿಯೇ ಆಡಿದ. ಒಂದು ಚೆಂಡನ್ನು ಎದೆಯಲ್ಲಿ ಇಳಿಸಿಕೊಂಡು ತಿರುಗಿದ್ದಕ್ಕೆ ಕ್ಲಬ್ಬಿನವರು ತಲೆಯಾಡಿಸಿದ್ದನ್ನು ನಾನೇ ಕಂಡೆ. ಆಮೇಲೆ ಸೊಂಟಕ್ಕೆ ಕೈ ಹೋಯಿತು. ಓಡುವವನು ನಡೆದ, ನಡೆಯುವವನು ನಿಂತ. ಗೋಲುಕಂಬದ ಹಿಂದೆ ಹೋಗಿ ಬಗ್ಗಿ ಉಂಡದ್ದನ್ನೆಲ್ಲ ಕಕ್ಕಿದ. ಕೋಚ್ ಕೈಬೀಸಿ ಹೊರಗೆ ಕರೆದು, ಬೆನ್ನು ತಟ್ಟಿ ಕಳಿಸಿಕೊಟ್ಟ. ನನಗೆ ಅಳು ಬಂತು.

ಬಸ್ಸು ಹೊಸಕೋಟೆ ದಾಟಿತು. ಅಣ್ಣ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದ:

"ಅಮ್ಮಂಗೆ ಹೇಳ್ಬೇಡ."

"ಏನಂತ ಹೇಳ್ಲಿ ಅಣ್ಣ?"

"ಮೊಣಕಾಲು. ಮೊಣಕಾಲ್ ನೋವು ಅಂತ. ಅದು ಬಿಟ್ರೆ ಬೇರೆ ಏನೂ ಇಲ್ಲ."

ಹಾಗೆಂದು ಮಡಿಲಲ್ಲಿದ್ದ ಬೂಟಿನ ಲೇಸನ್ನು ಬಿಚ್ಚಿ ಕಟ್ಟುತ್ತ, ಬಿಚ್ಚಿ ಕಟ್ಟುತ್ತ ಕೂತ.

ಅಮ್ಮ ಗೇಟಿನಲ್ಲೇ ನಿಂತಿದ್ದಳು. ಅವನೇ ಮುಂದಾಗಿ, "ಮೊಣಕಾಲಮ್ಮಾ. ವಯಸ್ಸಾಯ್ತು ನಂಗೆ" ಎಂದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಪ್ಪಾ. ಹೊಟ್ಟೆ ತುಂಬ ಉಂಡ್ಕಂಡ್ ಹೋಗಿದ್ದಕ್ಕೆ ಅಷ್ಟೊತ್ತಾದ್ರೂ ನಿಂತೆ" ಎಂದಳು. ನಾನು ಬಚ್ಚಲ ಕಡೆ ಓಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದಿನಿಂದ ಅವನ ದನಿ ಕೇಳಿಸಿತು: "ಹೌದಮ್ಮಾ. ಅದಕ್ಕೇ ನಿಂತೆ."

ಅವನು ಹೊರಟ ದಿನ ಅಮ್ಮ ರಾಗಿ ಹಿಟ್ಟು ಕಟ್ಟಿಕೊಟ್ಟಳು. ಈಗ ಅವನು ತನ್ನ ಊರಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಭಾನುವಾರ ಫೋನು ಬರುತ್ತಿತ್ತು, ಅಮ್ಮ ತೆಲುಗಿನಲ್ಲಿ ಉಂಡೆಯಾ ಎಂದು ಕೇಳುತ್ತಿದ್ದಳು. ಮೆಸ್ಸಿಗೆ ಬಂದವರಿಗೆಲ್ಲ, ಆ ಮೊಣಕಾಲೊಂದು ಸರಿಯಿದ್ದಿದ್ದರೆ ನಮ್ಮ ಹುಡುಗ ಎಲ್ಲೋ ಇರುತ್ತಿದ್ದ ಎಂದು ಹೇಳುತ್ತಿದ್ದಳು. ನಾನು ಅವರ ಲೋಟಗಳಿಗೆ ನೀರು ಹಾಕುತ್ತಿದ್ದೆ.

ಅಮ್ಮ ಹೋದ ವರ್ಷ ತೀರಿಕೊಂಡಳು. ಕೊನೆಯ ವಾರ ನಾನು ಗಂಜಿ ಕುಡಿಸುವಾಗ, "ನನ್ ಕೈಯೂಟದಿಂದ ಯಾರ್ಗೂ ಕೆಟ್ಟದ್ದಾಗ್ಲಿಲ್ಲ ಕಣೋ, ಅಷ್ಟು ಸಾಕು" ಎಂದಳು. ಯಾರಿಗೂ ಆಗಲಿಲ್ಲಮ್ಮ ಎಂದೆ. ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡಳು. ಆ ನೆಮ್ಮದಿಯನ್ನು ಅವಳಿಗೆ ಉಳಿಸಿಕೊಟ್ಟವನು ಅಣ್ಣ. ಇದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಬೇರೆ ಯಾರೂ ಮಾಡಿಲ್ಲ.

ಸುದ್ದಿ ತಿಳಿಸಲು ಫೋನು ಮಾಡಿದಾಗ ಅವನು ಬಹಳ ಹೊತ್ತು ಅತ್ತ. ಆಮೇಲೆ, "ಅಮ್ಮಂಗೆ ಗೊತ್ತಾಗ್ಲಿಲ್ಲ ಅಲ್ವಾ?" ಎಂದು ಕೇಳಿದ. ಇಲ್ಲವೆಂದೆ. ಗಂಜಿ ಕುಡಿಯುವಾಗ ಅವಳು ಆಡಿದ ಮಾತನ್ನೂ ಹೇಳಿದೆ.

"ಅಮ್ಮ ನಿಜಾನೇ ಹೇಳವ್ರೆ" ಎಂದ. "ನಂಗೇನೂ ಕೆಟ್ಟದ್ದಾಗ್ಲಿಲ್ಲ."